ಗೆರೆಯಮ್ಮನ ಏಳನೇ ಹೋಲ್

ಗಾಲ್ಫ್ ಮೈದಾನದ ಕೆಲಸಗಾರರೆಲ್ಲ ಅವಳನ್ನು ಗೆರೆಯಮ್ಮ ಎಂದೇ ಕರೆಯುತ್ತಿದ್ದರು. ಮೈದಾನಗಳ ನಕ್ಷೆ ಬರೆಯುವುದು ಅವಳ ಕಸುಬು. ಕಾಗದ ಸಿಗದಿದ್ದರೆ ಊಟದ ಮೇಜಿನ ಮೇಲೆ ಚೆಲ್ಲಿದ ನೀರಿನಲ್ಲೇ ಬೆರಳಾಡಿಸಿ ಒಂದು ದಿಬ್ಬ, ಒಂದು ಮರಳುಗುಂಡಿ ಬರೆದುಬಿಡುವ ಹೆಂಗಸು. ಅವಳ ಗೆರೆಗಳ ಮೇಲೆ ಹುಲ್ಲು ಬೆಳೆಸುವವನು ಒಡಹುಟ್ಟಿದ ಅಣ್ಣ. ತಂಗಿ ಮಣ್ಣು ತಿದ್ದಿಸುವುದು, ಅಣ್ಣ ಅದಕ್ಕೆ ಹಸಿರು ಹೊದಿಸುವುದು, ಹೀಗೆ ಅವರ ಬದುಕು ಸಾಗಿಬಂದಿತ್ತು. ಅಣ್ಣನ ಕೈಗುಣ ದೊಡ್ಡದು. ಅವನು ಬೀಜ ಚೆಲ್ಲಿದರೆ ಬೋಳು ನೆಲವೂ ಮರ್ಯಾದೆಯಿಂದ ಚಿಗುರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಅವನೂ ಅದನ್ನು ನಂಬಿದ್ದ. ಬೇರೆ ಜಂಬ ಅವನಿಗೆ ಇರಲಿಲ್ಲ.

ಈ ಕಸುಬಿನಲ್ಲಿ ಹೊಸದಾಗಿ ಹುಟ್ಟಿಸುವುದು ಕಡಿಮೆ. ಹಿಂದಿನವರು ಮಾಡಿಟ್ಟ, ಚೆಂಡು ಹೊಡೆಯುವ ಜಾಗದಿಂದ ಗುಳಿಯವರೆಗಿನ ಕೆಲವು ಹೋಲ್‌ಗಳಿವೆ, ಅವನ್ನೇ ಮಾದರಿಯಾಗಿಟ್ಟುಕೊಂಡು ಸಿಕ್ಕಿದ ನೆಲಕ್ಕೆ ಹೊಂದಿಸುತ್ತಾರೆ. ರೆಡಾನ್ ಎಂಬುದೊಂದು. ಅದರ ಗ್ರೀನ್, ಅಂದರೆ ಚೆಂಡು ಕೊನೆಗೆ ಸೇರಬೇಕಾದ ನುಣುಪು ಹುಲ್ಲಿನ ಹಾಸು, ಓರೆಯಾಗಿ ಹಿಂದಕ್ಕೆ ಇಳಿಯುತ್ತದೆ. ಎಡಮಗ್ಗುಲಲ್ಲಿ ಎತ್ತರದ ಅಂಚಿನ ಮರಳುಗುಂಡಿ ಬಾಯಿ ತೆರೆದು ಕೂತಿರುತ್ತದೆ. ಬಿಯಾರಿಟ್ಸ್ ಇನ್ನೊಂದು. ಅದರ ಗ್ರೀನಿನ ನಡುವೆ ಅಡ್ಡಲಾಗಿ ಒಂದು ಹಳ್ಳ. ಚೆಂಡು ಅದರೊಳಗೆ ಮುಳುಗಿ ಆಚೆ ಬದಿಯಲ್ಲಿ ಏಳಬೇಕು. ಆಟಗಾರನ ಬೆವರಿಳಿಸಲು ಇವುಗಳಲ್ಲಿ ಒಂದೇ ಸಾಕು. ಗೆರೆಯಮ್ಮನಿಗೆ ಸಾಲಲಿಲ್ಲ. ಏಳನೇ ಹೋಲಿನಲ್ಲಿ ಎರಡಕ್ಕೂ ಗಂಟು ಹಾಕಿದಳು.

ಗಂಟೇನೋ ನೋಡಲು ಸೊಗಸಾಗಿತ್ತು. ಆದರೆ ಹಳೆಯ ಹೋಲ್‌ಗಳಲ್ಲಿ ನೀರು ಹೋಗಲು ಅವುಗಳದೇ ದಾರಿಯಿತ್ತು. ಒಂದರಲ್ಲಿ ಹಿಂದಿನ ಇಳಿಜಾರು, ಇನ್ನೊಂದರಲ್ಲಿ ಹಳ್ಳದ ಎರಡು ತುದಿಗಳು. ಇಲ್ಲಿ ಮುಂಭಾಗದ ನೀರೆಲ್ಲ ಇಳಿದು ಹಳ್ಳ ಸೇರುತ್ತಿತ್ತು. ಹಳ್ಳದ ತಗ್ಗಿನ ತುದಿಗೆ ಮರಳುಗುಂಡಿಯ ಅಂಚು ಅಡ್ಡ ನಿಂತಿತ್ತು. ಮಣ್ಣು ಅಗೆಯುವ ಯಂತ್ರದವನು ಕೆಳಗಿಳಿದು ಬಂದು ಕೇಳಿದ್ದ, “ಅಮ್ಮಾ, ನೀರು ಎಲ್ಲಿಂದ ಆಚೆ ಹೋಗ್ಬೇಕು?”

ಅಂಚು ಒಡೆದರೆ ಗೆರೆ ಕೆಡುತ್ತಿತ್ತು. “ಮಣ್ಣೇ ಕುಡ್ಕೊಳ್ಳುತ್ತೆ, ನೀವು ಆ ತುದಿ ಮುಚ್ಚಿ” ಎಂದಳು.

ಮಣ್ಣು ಕುಡಿಯಲಿಲ್ಲ. ಹಳ್ಳದ ಹುಲ್ಲು ಹಳದಿಯಾಯಿತು, ಆಮೇಲೆ ಕಂದುಬಣ್ಣಕ್ಕೆ ತಿರುಗಿತು, ಆಮೇಲೆ ಬೋಳಾಯಿತು. ಅಣ್ಣ ಹೊಸ ಹುಲ್ಲು ಹಾಸಿದ, ಅದೂ ಹೋಯಿತು. ಆಗ ಒಂದು ಮಧ್ಯಾಹ್ನ ಅವಳು ಒಬ್ಬಳೇ ಹೋಗಿ, ಗುಳಿ ಕೊರೆಯುವ ಕೊಳವೆಯನ್ನು ಹಳ್ಳದ ತಳಕ್ಕೆ ಒತ್ತಿ ಎಳೆದಳು. ಬಂದ ಮಣ್ಣು ಕಪ್ಪಗಿತ್ತು, ಕೊಳೆತ ಮೊಟ್ಟೆಯ ನಾತ. ನೀರು ನಿಂತು ಬೇರು ಉಸಿರುಗಟ್ಟಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಇಷ್ಟು ತಿಳಿದ ಮೇಲೆ ಅವಳು ಏನು ಮಾಡಬೇಕಿತ್ತು? ಕ್ಲಬ್ಬಿಗೆ ಹೋಗಿ ತಪ್ಪು ನನ್ನದು ಎನ್ನಬೇಕಿತ್ತು. ಅವಳು ಆ ಮಣ್ಣನ್ನು ತಿರುಗಿ ಗುಳಿಗೆ ತುರುಕಿ ಕಾಲಿನಿಂದ ಒತ್ತಿದಳು. ಏಳನೇ ಹೋಲಿನ ಫೋಟೋ ನೋಡಿಯೇ ಇನ್ನೊಂದು ದೊಡ್ಡ ಮೈದಾನದವರು ಅವಳನ್ನು ಮಾತಿಗೆ ಕರೆದಿದ್ದರು. ಈಗ ಬಾಯಿಬಿಟ್ಟರೆ ಕೆಲಸ ಕೈತಪ್ಪೀತು ಎಂಬ ಭಯ.

ಕ್ಲಬ್ಬಿನ ಕಾರ್ಯದರ್ಶಿ ಅಣ್ಣನನ್ನು ಎಲ್ಲರೆದುರಿಗೆ ನಿಲ್ಲಿಸಿ, “ವಯಸ್ಸಾಯ್ತೇನೋ ನಿಮಗೆ” ಎಂದ. ಅವಳು ಅಲ್ಲೇ ಇದ್ದಳು. ನೆಲ ನೋಡುತ್ತ ನಿಂತಳು.

ಅಣ್ಣ ಬೀಜ ಬದಲಿಸಿದ, ಗೊಬ್ಬರ ಬದಲಿಸಿದ, ನೀರು ಕಡಿಮೆ ಮಾಡಿದ. ಕೊನೆಗೆ ಬದಲಿಸಲು ಅವನೊಬ್ಬನೇ ಉಳಿದ. ಹೊಸ ಮೈದಾನದ ಕೆಲಸ ಅವಳಿಗೆ ಗಟ್ಟಿಯಾಯಿತು. ತಾನು ಮಾಡುತ್ತಿರುವುದು ದ್ರೋಹ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾಳೆ ಹೇಳುತ್ತೇನೆ ಎಂದುಕೊಳ್ಳುವಳು. ನಾಳೆಗಳಿಗೇನು, ಎಷ್ಟು ಬೇಕಾದರೂ ಇರುತ್ತವೆ.

ಒಂದು ದಿನ ಅಣ್ಣನ ಮನೆಯಲ್ಲಿ ಊಟ. ಅತ್ತಿಗೆ ಬಡಿಸುತ್ತ ನಕ್ಕರು. “ನಿಮ್ಮಣ್ಣಂದು ಹೊಸ ವರಸೆ ನೋಡು. ಹಿತ್ತಲಿನ ಗಿಡಕ್ಕೂ ನನ್ನ ಕೈಲೇ ನೀರು ಹಾಕಿಸ್ತಾರೆ. ತಾನು ಮುಟ್ಟಿದ್ರೆ ಒಣಗುತ್ತಂತೆ.”

ಅಣ್ಣ ನಗಲಿಲ್ಲ. ಅವಳು ತಟ್ಟೆಯಲ್ಲಿದ್ದುದನ್ನು ಬಿಟ್ಟು ಎದ್ದಳು.

ಮರುದಿನ ಬೆಳಿಗ್ಗೆ ಅಣ್ಣ ಯಂತ್ರಗಳ ಕೊಟ್ಟಿಗೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಅಲಗು ಮಸೆಯುತ್ತಿದ್ದ. ಅವಳು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು: ಮುಚ್ಚಿಸಿದ ಹಳ್ಳದ ತುದಿ, ಕಪ್ಪು ಮಣ್ಣು, ಅದನ್ನು ತಿರುಗಿ ತುರುಕಿದ್ದು. “ಕಾರ್ಯದರ್ಶಿಗೂ ಈಗಷ್ಟೇ ಹೇಳಿ ಬಂದೆ. ನಿನ್ನದೇನೂ ತಪ್ಪಿಲ್ಲ ಅಣ್ಣ. ಎಲ್ಲಾ ನಂದೇ.”

ಬೈಯಲಿ, ಕೈಯಲ್ಲಿರುವುದನ್ನು ಎತ್ತಿ ಎಸೆಯಲಿ ಎಂದು ಕಾದಳು. ಅವನು ಗ್ರೀಸ್ ಮೆತ್ತಿದ ಅಂಗೈಗಳನ್ನು ಬಟ್ಟೆಗೆ ಒರೆಸಿಕೊಂಡು ನಿಧಾನವಾಗಿ ನೋಡಿಕೊಂಡ.

“ಹಾಗಾದ್ರೆ ನನ್ನ ಕೈಗುಣ ಹೋಗಿಲ್ಲ ಅಂತೀಯಾ?”

“ಇಲ್ಲ ಅಣ್ಣ.”

ಅವನ ಮುಖ ಅರಳಿತು. ಬೈಗುಳವನ್ನಾದರೂ ತಡೆದುಕೊಳ್ಳಬಹುದಿತ್ತು, ಆ ಸಂತೋಷವನ್ನು ನೋಡಲು ಅವಳಿಂದಾಗಲಿಲ್ಲ. ಒರೆಸಿದ ಬಟ್ಟೆಯನ್ನು ಮಡಿಸಿಡುತ್ತ ಅವನೇ ಹೇಳಿದ, “ನಿನ್ನ ಹೊಸ ಮೈದಾನದವರು ನನ್ನನ್ನೂ ಕರೆದಿದ್ರು. ಹುಲ್ಲಿನ ಜವಾಬ್ದಾರಿ ಪೂರ್ತಿ ನನಗೇ ಕೊಡ್ತೀವಿ ಅಂದ್ರು. ನಾನೇ ಬೇಡ ಅಂದೆ.”

“ಯಾಕಣ್ಣ?”

“ಈ ಕೈಲಿ ಅಲ್ಲೂ ಹುಲ್ಲು ಸತ್ರೆ ನಿನ್ನ ಹೆಸರು ಕೆಡುತ್ತಲ್ಲ ಅಂತ. ಬೇರೆಯವರನ್ನ ತಗೊಂಡುಬಿಟ್ರು. ಹೋಗ್ಲಿ ಬಿಡು.”

ಅವನು ಗೋಡೆಗೊರಗಿಸಿದ್ದ ಗುದ್ದಲಿ ತೆಗೆದುಕೊಂಡ. “ಬಾ, ಎಲ್ಲಿ ಮುಚ್ಚಿಸಿದ್ದೆ ತೋರಿಸು” ಎಂದು ಏಳನೇ ಹೋಲಿನ ಕಡೆ ನಡೆದ. ಬಹಳ ದಿನಗಳ ಮೇಲೆ ಅವನ ಹೆಜ್ಜೆ ಬಿರುಸಾಗಿತ್ತು. ಅವಳು ಹಿಂದೆ ಹಿಂದೆ ಹೋದಳು, ಅವನು ತಿರುಗಿ ನೋಡದಿರಲಿ ಎಂದುಕೊಳ್ಳುತ್ತ.