ಕಾಕನ ಮೂರು ಕ್ಯಾಪುಗಳು

ಕಾಕನ ಎಡಗೈ ಹೆಬ್ಬೆರಳಿಗೆ ಉಗುರು ಅರ್ಧವೇ ಇತ್ತು. ಇನ್ನರ್ಧವನ್ನು ಗಿರಗಿರ ತಿರುಗುವ ಪಾಲಿಶ್ ಯಂತ್ರ ನಲವತ್ತು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ತಿಂದು ಮುಗಿಸಿತ್ತು. ಉಳಿದ ತುಂಡು ಎಷ್ಟು ನುಣುಪಾಗಿತ್ತೆಂದರೆ, ಕಿಟಕಿಯ ಬೆಳಕು ಬಿದ್ದರೆ ಹೊಸ ಹಲ್ಲಿನ ಹಾಗೆ ಹೊಳೆಯುತ್ತಿತ್ತು. "ಊರಿನವರ ಹಲ್ಲಿಗೆ ಹಾಕಿ ಮಿಕ್ಕಿದ ಪಾಲಿಶು ಇದಕ್ಕೆ ಬಿದ್ದದ್ದು ಪೊರ್ಬುಲೇ" ಎಂದು ಅದನ್ನು ನನಗೆ ತೋರಿಸಿ ನಗುತ್ತಿದ್ದರು. ನಮ್ಮಂಥ ಕೊಂಕಣಿ ಕ್ರಿಶ್ಚಿಯನ್ನರನ್ನು ತುಳುವಿನಲ್ಲಿ ಮರ್ಯಾದೆಯಿಂದ ಕರೆಯುವುದು ಹಾಗೆ. ಕರಾವಳಿಯ ಬ್ಯಾರಿ ಮುಸ್ಲಿಮರಾದ ಆ ಹಿರಿಯರನ್ನು ನಾನು ಕಾಕ ಎನ್ನುತ್ತಿದ್ದೆ.

ಕೊಟ್ಟಾರದ ಒಂದು ಹಳೆಯ ಕಟ್ಟಡದ ಮಹಡಿಯಲ್ಲಿ ಅವರ ಲ್ಯಾಬು. ಲ್ಯಾಬು ಎಂದರೆ ಎರಡು ಕೋಣೆ, ಒಂದು ಪುಟ್ಟ ಕುಲುಮೆ, ಮೇಜಿನ ಮೇಲೆ ಸಾಲಾಗಿ ಜನರ ದವಡೆಗಳ ಪ್ಲಾಸ್ಟರ್ ಅಚ್ಚುಗಳು. ದಂತವೈದ್ಯರು ಅಳತೆ ತೆಗೆದು ಕಳಿಸಿದರೆ ಅದಕ್ಕೆ ಸರಿಯಾಗಿ ಹಲ್ಲಿನ ಕ್ಯಾಪು ಮಾಡಿಕೊಡುವುದು ಅವರ ಕೆಲಸ. ನಾನು ಉರ್ವದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಸಹಾಯಕನಾಗಿದ್ದೆ. ನಮ್ಮ ಡಾಕ್ಟ್ರು ಮೇಡಂ ಕುರ್ಚಿಯ ಬಲಕ್ಕೆ ಕೂತರೆ ನಾನು ಎಡಕ್ಕೆ ನಿಂತು ಮೂವತ್ತು ವರ್ಷ ಕಳೆದೆ. ಈಗ ಎಪ್ಪತ್ತರ ಹತ್ತಿರ ಬಂದಿದ್ದೇನೆ. ಕಾಕನಿಗೆ ನಾನು ಒಂದು ದೊಡ್ಡ ಅನ್ಯಾಯ ಮಾಡಿದ್ದೇನೆ. ಅದನ್ನು ಬರೆಯದೆ ಅವರ ಒಳ್ಳೆಯತನವನ್ನು ಮಾತ್ರ ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಮೊದಲು ಅವರ ಕಸುಬಿನ ವಿಷಯ. ಮುಂದಿನ ಹಲ್ಲಿನ ಕ್ಯಾಪು ಇದ್ದರೆ ಬಣ್ಣ ನೋಡಲು ಕಾಕ ಸ್ವತಃ ಸ್ಕೂಟರಿನಲ್ಲಿ ಕ್ಲಿನಿಕ್ಕಿಗೆ ಬರುತ್ತಿದ್ದರು. ರೋಗಿಯನ್ನು ಕೈಹಿಡಿದು ಎಬ್ಬಿಸಿ ಹೊರಗಿನ ಮೆಟ್ಟಿಲಿಗೆ ಕರೆದುಕೊಂಡು ಹೋಗುತ್ತಿದ್ದರು. "ಟ್ಯೂಬ್‌ಲೈಟಿನಲ್ಲಿ ಹಲ್ಲು ಸುಳ್ಳು ಹೇಳ್ತದೆ. ಬಿಸಿಲಿಗೆ ಬನ್ನಿ, ಹಾಂ, ನಗಿ ನೋಡುವ." ರಸ್ತೆಯಲ್ಲಿ ಹೋಗುವವರೆಲ್ಲ ನೋಡುತ್ತಿರುವಾಗ ಬಾಯಿ ಅಗಲಿಸಿ ನಿಂತ ಹೆಂಗಸರಿಗೆ ನಾಚಿಕೆಯಾಗುತ್ತಿತ್ತು. ನಾಚಿಕೊಂಡು ನಗುವಾಗಲೇ ಕಾಕ ಬಣ್ಣ ಹಿಡಿದುಬಿಡುತ್ತಿದ್ದರು. ದಿನಕ್ಕೆ ಎಷ್ಟು ಚಾ, ಎಲೆ ಅಡಿಕೆ ಉಂಟಾ, ಎಲ್ಲ ಕೇಳುವರು. ಅರುವತ್ತು ವರ್ಷದವರಿಗೆ ಇಪ್ಪತ್ತರ ಹಲ್ಲು ಮಾಡುವುದೆಂದರೆ ಅವರಿಗೆ ಆಗದು. ಬೇಕೆಂದೇ ಒಂದು ಕೂದಲೆಳೆಯಷ್ಟು ಕಲೆ ಬಿಡುತ್ತಿದ್ದರು.

ಅಂಥವರ ಸ್ವಂತ ಬಾಯಿಯಲ್ಲಿ ಎದುರಿನ ಒಂದು ಹಲ್ಲು ಇರಲಿಲ್ಲ. "ಎಂತ ಕಾಕ, ಊರಿಗೆಲ್ಲ ಮಾಡ್ತೀರಿ, ನಿಮಗೊಂದು ಮಾಡಿಕೊಳ್ಳಬಾರದಾ?" ಎಂದು ನಾನು ಕೆಣಕಿದರೆ, "ನನ್ನ ಬಾಯಿಯ ಬಣ್ಣ ಯಾರು ನೋಡುವುದು ಮಾರಾಯ್ರೇ? ಕನ್ನಡಿಯಲ್ಲಿ ಎಲ್ಲ ಉಲ್ಟಾ. ನಿಮ್ಮನ್ನು ನಂಬಿದರೆ ಕಂದು ಬಣ್ಣ ಬರ್ತದೆ" ಎನ್ನುವರು. ಮಾತಿನಲ್ಲಿ ಅವರನ್ನು ಗೆದ್ದವರನ್ನು ನಾನು ನೋಡಿಲ್ಲ.

ನನಗೂ ಒಂದು ಹೆಮ್ಮೆ ಇತ್ತು. ಕ್ಯಾಪು ಅಂಟಿಸುವ ಸಿಮೆಂಟನ್ನು ಕಲಸುವವನು ನಾನು. ತಣ್ಣಗಿನ ಗಾಜಿನ ಹಲಗೆಯ ಮೇಲೆ ಪುಡಿಯನ್ನು ಸಣ್ಣ ಸಣ್ಣ ಪಾಲು ಮಾಡಿ, ದ್ರವದ ಜೊತೆ ಅಗಲವಾಗಿ ಹರಡಿ ಕಲಸಬೇಕು. ಬೇಗ ಮಾಡಿದರೆ ಕೈಯಲ್ಲೇ ಕಲ್ಲು, ನಿಧಾನ ಮಾಡಿದರೆ ಬಾಯಿಯಲ್ಲಿ ನೀರು. ನನ್ನ ಕೈಯ ಹದವನ್ನು ಮೇಡಂ ಬಂದವರ ಎದುರಿಗೆಲ್ಲ ಹೊಗಳುತ್ತಿದ್ದರು.

ಹಾಗಿರುವಾಗ ಹೊಸ ಸಿಮೆಂಟು ಬಂತು. ಎರಡು ನಳಿಗೆಯ ಸಿರಿಂಜು. ಒತ್ತಿದರೆ ತುದಿಯಲ್ಲೇ ತನ್ನಷ್ಟಕ್ಕೆ ಬೆರೆತು ಬರುತ್ತದೆ. ಹಲ್ಲಿಗೆ ಮೊದಲೇ ಬೇರೆ ಬೇರೆ ಮದ್ದು ಹಚ್ಚುವುದೂ ಬೇಡ, ನೇರ ಕ್ಯಾಪಿನೊಳಗೆ ತುಂಬಿ ಕೂರಿಸುವುದು, ನೀಲಿ ಬೆಳಕು ಎರಡು ಕ್ಷಣ ತೋರಿಸಿ, ಅಂಚಿನಲ್ಲಿ ಹೆಚ್ಚಾದದ್ದನ್ನು ಸಿಪ್ಪೆಯ ಹಾಗೆ ಎಳೆದು ತೆಗೆಯುವುದು. ಮೇಡಂಗೆ ಬಹಳ ಖುಷಿ. ನನ್ನ ಗಾಜಿನ ಹಲಗೆ ಕಪಾಟು ಸೇರಿತು. ಹೊಟ್ಟೆ ಉರಿಯಿತೆಂದು ಈಗ ಒಪ್ಪಿಕೊಳ್ಳುತ್ತೇನೆ. ನನಗೆ ಉಳಿದದ್ದು ಒಂದೇ ಕೆಲಸ. ಕ್ಯಾಪನ್ನು ಒಮ್ಮೆ ರೋಗಿಯ ಬಾಯಿಗಿಟ್ಟು ನೋಡಿದ ಮೇಲೆ ಅದರೊಳಗೆ ತಾಗಿದ ಎಂಜಲನ್ನು ಶುಚಿ ಮಾಡಿ ಕೊಡುವುದು.

ಅದೇ ಕಾಲಕ್ಕೆ ಜಿರ್ಕೋನಿಯಾ ಎಂಬ ಗಟ್ಟಿ ಬಿಳಿ ಕ್ಯಾಪುಗಳು ಬಂದವು. ಮೊದಲನೆಯದನ್ನು ತಂದ ದಿನ ಕಾಕ ನನ್ನನ್ನು ಬದಿಗೆ ಕರೆದರು.

"ಪೊರ್ಬುಲೇ, ಹಳೇ ಪಿಂಗಾಣಿ ಕ್ಯಾಪು ತೊಳೀಲಿಕ್ಕೆ ನೀವು ಹಾಕುವ ನೀಲಿ ಆಸಿಡ್ ಜೆಲ್ಲು ಉಂಟಲ್ಲ, ಅದನ್ನು ಇದಕ್ಕೆ ಹಾಕಬೇಡಿ. ಇದಕ್ಕೆ ಬೇರೆ ಪೇಸ್ಟು ಉಂಟು, ನಾನೇ ತಂದಿದ್ದೇನೆ."

"ಜೆಲ್ಲು ಹಾಕಿದರೆ ಎಂತ ಆಗ್ತದೆ?"

"ಬಸ್ಸಿನಲ್ಲಿ ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡೀತಾರಲ್ಲ, ಹಾಗೆ. ಸಿಮೆಂಟು ಕೂರುವ ಜಾಗದಲ್ಲಿ ಆ ಆಸಿಡ್ ಮೊದಲೇ ಹೋಗಿ ಕೂತಿರ್ತದೆ. ಮತ್ತೆ ಎಷ್ಟು ತೊಳೆದರೂ ಏಳುವುದಿಲ್ಲ. ಪಾಪ, ಸಿಮೆಂಟು ನಿಂತೇ ಹೋಗಬೇಕು."

ನಾನು ನಕ್ಕೆ. ಆದರೆ ಒಳಗೆ ಬೇರೆ ಯೋಚನೆ. ಕಾಕ ಐದನೇ ಕ್ಲಾಸು, ನಾನು ಎಸ್ಸೆಸ್ಸೆಲ್ಸಿ. ಇವರಿಂದ ನಾನು ತೊಳೆಯಲು ಕಲಿಯುವುದಾ? ನೀಲಿ ಜೆಲ್ ಹಾಕಿ ತೊಳೆದರೆ ಕ್ಯಾಪಿನ ಒಳಗೆ ಕನ್ನಡಿಯಂಥ ಶುಚಿ ಕಾಣುತ್ತಿತ್ತು. ಕಾಕ ತಂದ ಪೇಸ್ಟಿನ ಡಬ್ಬಿಯ ಮುಚ್ಚಳವನ್ನೇ ನಾನು ತೆರೆಯಲಿಲ್ಲ.

ಎರಡು ತಿಂಗಳೊಳಗೆ ಎರಡು ಕ್ಯಾಪು ಕಳಚಿ ಬಂದವು. ಮೂರನೆಯದು ನಮ್ಮ ಇಗರ್ಜಿಯ ನಿವೃತ್ತ ಹೆಡ್‌ಮಿಸ್ಟ್ರೆಸ್ ಬಾಯಿಯದ್ದು. ಭಾನುವಾರದ ಪೂಜೆಯಲ್ಲಿ ಅವರು ಮೈಕಿನ ಮುಂದೆ ನಿಂತು ಬೈಬಲ್ ವಾಚನ ಓದುತ್ತಿದ್ದರು. ಒಂದು ಉದ್ದದ ಹೆಸರು ಬಂತು, ಟಣ್ ಎಂದು ಸದ್ದಾಯಿತು. ಎದುರಿನ ಹಲ್ಲು ಪುಸ್ತಕದ ಮೇಲೆ ಬಿದ್ದು, ಅಲ್ಲಿಂದ ಪುಟಿದು, ಮೊದಲ ಸಾಲಿನಲ್ಲಿದ್ದವರ ಕಾಲಬುಡಕ್ಕೆ ಹೋಯಿತು. ಹೆಡ್‌ಮಿಸ್ಟ್ರೆಸ್ ಎಂದರೆ ಹೆಡ್‌ಮಿಸ್ಟ್ರೆಸ್ಸೇ. ಕೈಯಿಂದ ಬಾಯಿ ಮುಚ್ಚಿಕೊಂಡು ಉಳಿದ ವಾಚನವನ್ನು ಅರ್ಧ ಗಾಳಿಯಲ್ಲೇ ಓದಿ ಮುಗಿಸಿ ಕೆಳಗಿಳಿದರು. ಇಡೀ ಇಗರ್ಜಿ ತುಟಿ ಕಚ್ಚಿ ಕೂತಿತ್ತು. ನಾಲ್ಕನೆಯ ಸಾಲಿನಲ್ಲಿದ್ದ ನಾನು ಮಾತ್ರ ಬೆವರುತ್ತಿದ್ದೆ.

ಸೋಮವಾರ ಬೆಳಿಗ್ಗೆ ಅವರು ಕ್ಯಾಪನ್ನು ಕರವಸ್ತ್ರದಲ್ಲಿ ಕಟ್ಟಿ ತಂದು ಮೇಡಂ ಮೇಜಿನ ಮೇಲಿಟ್ಟರು. "ಇದನ್ನು ದೇವರಿಗೆ ಕಾಣಿಕೆ ಹಾಕಿದ್ದೇನೆ ಅಂತ ಗ್ರಹಿಸಿದ್ದಾರೆ ಜನ" ಎಂದರು. ಮೇಡಂ ಭೂತಗನ್ನಡಿ ಹಿಡಿದು ನೋಡಿದರು. ಸಿಮೆಂಟೆಲ್ಲ ಹಲ್ಲಿನ ಮೇಲೇ ಉಳಿದಿತ್ತು. ಕ್ಯಾಪಿನೊಳಗೆ ಚೂರೂ ಇಲ್ಲ. ಅಂದರೆ ಕ್ಯಾಪಿನ ಒಳಮೈ ಸಿಮೆಂಟನ್ನು ಹಿಡಿದೇ ಇಲ್ಲ. ಗಾಳಿಯ ಒತ್ತಡದಲ್ಲಿ ಪುಡಿ ಊದಿ ಆ ಒಳಮೈಯನ್ನು ಒರಟು ಮಾಡುವುದು ಲ್ಯಾಬಿನ ಕೆಲಸ. ಮೇಡಂ ಕಾಕನಿಗೆ ಫೋನು ಮಾಡಿ ಕರೆಸಿದರು.

"ಮೂರು ಕ್ಯಾಪು ಕಾಕ. ನೀವು ಪುಡಿ ಊದುವುದನ್ನು ಬಿಟ್ಟಿದ್ದೀರಾ?"

"ಊದಿದ್ದೇನೆ ಡಾಕ್ಟ್ರೇ" ಎಂದರು ಕಾಕ. ಕ್ಯಾಪನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನ ಕಡೆಗೆ ತಿರುಗಿ ಕೇಳಿದರು. "ತೊಳೆದದ್ದು ಎಂತದರಲ್ಲಿ ಪೊರ್ಬುಲೇ?"

"ನೀವು ಕೊಟ್ಟ ಪೇಸ್ಟಿನಲ್ಲೇ" ಎಂದೆ ನಾನು.

ನಾನು ಹೇಳಿದ ಸುಳ್ಳು ಇಷ್ಟೇ. ಕಾಕ ತಲೆಯಾಡಿಸಿ, "ಹಾಗಾದರೆ ನನ್ನದೇ ಇರಬೇಕು" ಎಂದರು. ಮೂರೂ ಕ್ಯಾಪುಗಳನ್ನು ಹೊಸದಾಗಿ ಮಾಡಿಕೊಟ್ಟರು. ಈ ಸಲ ನಾನು ಪೇಸ್ಟು ಹಾಕಿದೆ. ಅವು ಗಟ್ಟಿಯಾಗಿ ಕೂತವು. ಆದರೆ ಮೇಡಂ ಅಷ್ಟರಲ್ಲಿ ಬೇರೆ ಲ್ಯಾಬು ಹಿಡಿದಾಗಿತ್ತು. ಅವರು ಕಾರಣ ಹೇಳಿದ್ದನ್ನು ಕೇಳಿ ದೇರೆಬೈಲಿನ ಇನ್ನೊಬ್ಬ ಡಾಕ್ಟ್ರೂ ಕಾಕನಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದರು.

ಕಾಕ ಮಾತ್ರ ಉರ್ವ ದಾಟುವಾಗಲೆಲ್ಲ ಕ್ಲಿನಿಕ್ಕಿನ ಮುಂದೆ ಹಾರ್ನ್ ಹೊಡೆದು, "ಬದುಕಿದ್ದೀರಾ ಪೊರ್ಬುಲೇ?" ಎಂದು ಕೂಗಿ ಹೋಗುತ್ತಿದ್ದರು. ಆ ಕೂಗು ಕೇಳಿದರೆ ನನಗೆ ಒಳಗೆ ಅಡಗಿಕೊಳ್ಳೋಣ ಅನಿಸುತ್ತಿತ್ತು.

ಈಸ್ಟರ್ ಅಂದರೆ ನಮ್ಮ ಪಾಸ್ಕದ ಹಬ್ಬಕ್ಕೆ ಮುಂಚೆ ಪಾಪನಿವೇದನೆಗೆ ಹೋಗಿ ಪಾದ್ರಿಗಳಿಗೆ ಎಲ್ಲ ಹೇಳಿದೆ. ಆಸಿಡ್ಡು, ಪೇಸ್ಟು ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. "ದೇವರು ಕ್ಷಮಿಸ್ತಾರೆ. ಆದರೆ ಕ್ಯಾಪು ಮಾಡಿದ್ದು ದೇವರಲ್ಲವಲ್ಲ, ಮಾಡಿದವರ ಹತ್ತಿರ ಹೋಗು" ಎಂದರು.

ಮರುದಿನ ಕೊಟ್ಟಾರಕ್ಕೆ ಹೋದೆ. ಕಾಕ ಪುಡಿ ಊದುವ ಯಂತ್ರವನ್ನು ಪೂರ್ತಿ ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಕೂತಿದ್ದರು. ನಳಿಗೆ ಬದಲಿಸಿದ್ದರಂತೆ, ಪುಡಿ ಬದಲಿಸಿದ್ದರಂತೆ, ಕಣ್ಣಿನ ಡಾಕ್ಟ್ರಿಗೂ ತೋರಿಸಿ ಬಂದಿದ್ದರಂತೆ. "ಎಲ್ಲ ಸರಿ ಉಂಟು ಅಂತಾರೆ. ಹಾಗಾದರೆ ಕೈಯೇ ಹೋಗಿದೆ. ಹೊಸ ಮೂರು ನಿಂತದ್ದು ಅದೃಷ್ಟ. ಬರುವ ರಂಜಾನ್ ಆದ ಮೇಲೆ ಬಾಗಿಲು ಹಾಕುವ ಅಂತ ಉಂಟು" ಎಂದರು. ನನ್ನ ಒಂದು ಸುಳ್ಳು ಒಬ್ಬ ಮನುಷ್ಯನಿಗೆ ತನ್ನ ಕೈಯ ಮೇಲೇ ಸಂಶಯ ಬರುವ ಹಾಗೆ ಮಾಡಿತ್ತು. ನಾನು ನಿಂತಲ್ಲೇ ಹೇಳಿಬಿಟ್ಟೆ. ನೀಲಿ ಜೆಲ್ಲು, ಮುಚ್ಚಳ ತೆರೆಯದ ಡಬ್ಬಿ, ಎಲ್ಲ.

ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಕಾಕ ನೆಲದಿಂದ ಎದ್ದು ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿದರು.

"ಮೂರಕ್ಕೂ ಹಾಕಿದ್ದಾ? ಮೂರಕ್ಕೂ?"

"ಮೂರಕ್ಕೂ."

"ಹಾಗಾದರೆ ನನ್ನ ಕೈ ಸರಿ ಉಂಟು ಮಾರಾಯ್ರೇ!" ಎಂದು ಕೂಗಿದರು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಹಲ್ಲಿಲ್ಲದ ಆ ಜಾಗ ಅಷ್ಟು ಚೆನ್ನಾಗಿ ಕಂಡದ್ದು ಆವತ್ತೇ. ಕೆಳಗಿನ ಹೋಟೆಲಿನಿಂದ ಚಾ ತರಿಸಿದರು. "ಎಂಥ ಕತ್ತೆ ನೀವು, ಕರ್ಚೀಫಿನ ಕಥೆ ಹೇಳಿದ್ದೆನಲ್ಲ!" ಎಂದು ಒಮ್ಮೆ ಬೈದರು. ಮತ್ತೆ ನಕ್ಕರು.

"ಮೇಡಂಗೆ ಹೇಳಬೇಕಾ ಕಾಕ?" ಎಂದು ಕೇಳಿದೆ.

"ನನಗೆ ಬೇಕಾದ್ದು ಸಿಕ್ಕಿತು. ಉಳಿದದ್ದು ನಿಮಗೆ ಬಿಟ್ಟದ್ದು."

ನಾನು ಹೇಳಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ. ನಿವೃತ್ತಿಯಾದ ಮೇಲೆ ಆ ಹೆದರಿಕೆಗೂ ಕಾರಣ ಉಳಿಯಲಿಲ್ಲ, ಆದರೂ ಹೇಳಲಿಲ್ಲ. ಕಾಕ ಲ್ಯಾಬು ಮುಚ್ಚಲಿಲ್ಲ. ಬೇರೆ ಡಾಕ್ಟ್ರುಗಳಿಗೆ ಕೆಲಸ ಮಾಡುತ್ತಾ, ಮಗಳಿಗೂ ಕಲಿಸುತ್ತಾ ಇದ್ದರು. ನಮ್ಮ ಕ್ಲಿನಿಕ್ಕಿನ ಅಳತೆ ಮಾತ್ರ ಅವರ ಮೇಜಿಗೆ ಮತ್ತೆ ಹೋಗಲಿಲ್ಲ. ಏಳು ವರ್ಷ ಹೀಗೆಯೇ ಹೋಯಿತು. ಕಳೆದ ವರ್ಷ ಒಂದು ಬೆಳಿಗ್ಗೆ, ಕುಲುಮೆ ಬಿಸಿಯಾಗಲೆಂದು ಕಾಯುತ್ತಾ ಕುರ್ಚಿಯಲ್ಲಿ ಕೂತಲ್ಲೇ ಕಾಕ ಹೋಗಿಬಿಟ್ಟರು.

ಸುದ್ದಿ ತಿಳಿಸಲು ಮೇಡಂಗೆ ಫೋನು ಮಾಡಿದೆ. "ಅಯ್ಯೋ, ಒಳ್ಳೆಯ ಮನುಷ್ಯ. ಕೊನೆಗೆ ಸ್ವಲ್ಪ ಕೈ ತಪ್ಪಿತ್ತು, ಅಷ್ಟೇ" ಎಂದರು. ಆ 'ಅಷ್ಟೇ' ನನಗೆ ತಡೆಯಲಾಗಲಿಲ್ಲ. ಫೋನಿನಲ್ಲೇ ಎಲ್ಲ ಹೇಳಿದೆ. ಮೇಡಂ, "ನಾನಾದರೂ ಆ ಡಬ್ಬಿಯ ಮುಚ್ಚಳ ತೆರೆದು ನೋಡಬಹುದಿತ್ತು. ಅವರ ಮಗಳ ಹತ್ತಿರ ನನ್ನನ್ನು ಕರೆದುಕೊಂಡು ಹೋಗಿ" ಎಂದರು.

ಒಂದು ವಾರ ಕಳೆದು ಇಬ್ಬರೂ ಕೊಟ್ಟಾರಕ್ಕೆ ಹೋದೆವು. ಮೇಡಂ, ಈಗ ಲ್ಯಾಬು ನೋಡಿಕೊಳ್ಳುತ್ತಿದ್ದ ಕಾಕನ ಮಗಳ ಎದುರು ನಿಂತು, "ಆ ಮೂರು ಕ್ಯಾಪಿನಲ್ಲಿ ನಿಮ್ಮ ತಂದೆಯ ತಪ್ಪಿರಲಿಲ್ಲ. ತೊಳೆಯುವಾಗ ನಮ್ಮಲ್ಲೇ ತಪ್ಪಾಗಿತ್ತು" ಎಂದರು.

"ಗೊತ್ತುಂಟು" ಎಂದಳು ಅವಳು. "ಒಂದು ದಿನ ಬಾಪ ಮಧ್ಯಾಹ್ನವೇ ಬೀಗ ಹಾಕಿ ಬಿರಿಯಾನಿ ಕಟ್ಟಿಸಿಕೊಂಡು ಮನೆಗೆ ಬಂದಿದ್ರು. ಒಬ್ಬರು ಬಂದು ನನ್ನ ಕೈ ನನಗೆ ವಾಪಸು ಕೊಟ್ಟು ಹೋದ್ರು ಅಂದ್ರು. ಯಾರು ಅಂತ ಉಮ್ಮ ಎಷ್ಟು ಕೇಳಿದ್ರೂ ಹೇಳ್ಲಿಲ್ಲ. ಹೆಸರು ಹೇಳಿದರೆ ನೀವೆಲ್ಲ ಸಿಟ್ಟು ಮಾಡ್ತೀರಿ, ಸುಮ್ಮನೆ ಊಟ ಮಾಡಿ ಅಂದ್ರು."

"ಅದು ನಾನೇ ಮಗಳೇ" ಎಂದೆ.

ಅವಳು ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳು. "ಹಾಗಾದರೆ ಆ ಬಿರಿಯಾನಿಯಲ್ಲಿ ನಿಮಗೂ ಒಂದು ಪಾಲು ಇತ್ತು" ಎಂದು ಹೇಳಿ, ಕುರ್ಚಿ ಎಳೆದು ಕೊಟ್ಟು, ಚಾಕ್ಕೆ ಹೇಳಲು ಒಳಗೆ ಹೋದಳು. ಅವಳು ಅಪ್ಪನದೇ ಮಗಳು.

ಆ ತಿಂಗಳೇ ಮೇಡಂ ಒಬ್ಬರ ಅಳತೆಯನ್ನು ಡಬ್ಬಿಯಲ್ಲಿಟ್ಟು ಅವಳಿಗೆ ಕಳಿಸಿದರು. ಕ್ಲಿನಿಕ್ಕಿನಲ್ಲಿ ಈಗ ಹೊಸ ಸಹಾಯಕಿ ಇದ್ದಾಳೆ. ಆದರೂ ನಾನೇ ಕೇಳಿ ತೆಗೆದುಕೊಂಡು, ಎರಡೂ ಕೈಯಲ್ಲಿ ಹಿಡಿದು, ಕಾಕನ ಆ ಮೆಟ್ಟಿಲು ಹತ್ತಿದೆ. ಇಂಥ ಡಬ್ಬಿ ಹಿಡಿದು ಏಳು ವರ್ಷ ಹಿಂದೆಯೇ ಹತ್ತಬೇಕಾಗಿತ್ತು.