ಹಗ್ಗದ ಆಚೆಗಿನ ಸೇಬು

ನಮ್ಮನೆ ಫ್ರಿಜ್ಜಲ್ಲಿ ಸದ್ಯ ಏಳು ಬಾಟಲಿ ಸೇಬಿನಕಾಯಿ ಉಪ್ಪಿನಕಾಯಿ ಕೂತಿದೆ. ಯಾರೂ ಮುಟ್ಟಲ್ಲ. ಮೂರನೇ ದಿನಕ್ಕೇ ಹೋಳೆಲ್ಲಾ ಮೆತ್ತಗಾಗಿ, ಖಾರ ಜಾಸ್ತಿ ಬಿದ್ದ ಆಲೂಗಡ್ಡೆ ಪಲ್ಯದ ತರ ಆಗ್ಹೋಯ್ತು. ಎಸೆಯೋಣ ಅಂದ್ರೆ ಕೈ ಬರಲ್ಲ. ತಿನ್ನೋಣ ಅಂದ್ರೆ ಗಂಟಲಲ್ಲಿ ಇಳಿಯಲ್ಲ. ಯಾಕೆ ಇಳಿಯಲ್ಲ ಅನ್ನೋದೇ ಈ ವಾರದ ಕಥೆ.

ಟೆಕ್ಸಸ್‌ನಲ್ಲಿ ಸೇಬಾ? ಅಂತ ಕೇಳ್ತೀರ. ಕೇಳ್ಬೇಕಾದ್ದೇ. ಹತ್ತೊಂಬತ್ತು ವರ್ಷದಿಂದ ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿದೀನಿ. ಇಲ್ಲಿ ಬೆಳೆಯೋದು ಟ್ರಾಫಿಕ್ಕು ಮತ್ತೆ ಪ್ರಾಪರ್ಟಿ ಟ್ಯಾಕ್ಸು, ಎರಡೇ ಅಂದ್ಕೊಂಡಿದ್ದೆ.

ಆಗಸ್ಟ್ ಕೊನೇಲಿ ನಮ್ಮ ಕನ್ನಡ ಫ್ಯಾಮಿಲಿಗಳ ವಾಟ್ಸಾಪ್ ಗ್ರೂಪಲ್ಲಿ ಪ್ರೀತಿ ಒಂದು ಪೋಲ್ ಹಾಕಿದ್ಲು. ಪ್ರೀತಿ ನಮ್ಮ ಪಕ್ಕದ ಬೀದಿಯವಳು. ಆಫೀಸು ದ ಡೊಮೇನ್ ಅನ್ನೋ ಟೆಕ್ ಕಂಪನಿಗಳ ಏರಿಯಾದಲ್ಲಿ. ಉಳಿದ ಟೈಮಲ್ಲಿ ನಮ್ಮೆಲ್ಲರ ವೀಕೆಂಡಿಗೆ ಅವಳೇ ಮ್ಯಾನೇಜರು. 'ಆಪಲ್ ಪಿಕಿಂಗ್! ಯಾರ್ಯಾರು ರೆಡಿ?' ಆಸ್ಟಿನ್ನಿಂದ ಪಶ್ಚಿಮಕ್ಕೆ ಎರಡೂವರೆ ಗಂಟೆ ಡ್ರೈವ್, ಗುಡ್ಡಗಳ ಮಧ್ಯೆ ಒಂದು ಪುಟ್ಟ ಫ್ಯಾಮಿಲಿ ತೋಟ. ನಾವೇ ಹೋಗಿ, ನಾವೇ ಬಿಸಿಲಲ್ಲಿ ಹಣ್ಣು ಕಿತ್ತು, ನಾವೇ ದುಡ್ಡೂ ಕೊಟ್ಟು ಬರೋದು. (ಊರಲ್ಲಿ ಇದಕ್ಕೆ ಕೂಲಿ ಅಂತಾರೆ. ಇಲ್ಲಿ ಎಕ್ಸ್‌ಪೀರಿಯೆನ್ಸ್ ಅಂತಾರೆ.)

ಒಂಬತ್ತು ಫ್ಯಾಮಿಲಿ ಯೆಸ್ ಒತ್ತಿದ್ವಿ. ಒಬ್ರಂತೂ ಹ್ಯೂಸ್ಟನ್ ಪಕ್ಕದ ಫುಲ್‌ಶೀರ್‌ನಿಂದ ಬೆಳಗಾಗೋ ಮುಂಚೆ ಎದ್ದು ಬಂದ್ರು. ಪ್ರೀತಿ ಡ್ರೆಸ್ ಕೋಡನ್ನೂ ಹೇಳಿಬಿಟ್ಟಿದ್ಲು: ಚೌಕಳಿ ಫ್ಲ್ಯಾನೆಲ್ ಶರ್ಟು, ಉದ್ದ ಬೂಟು. ಫಾಲ್ ವೈಬ್ಸ್ ಬೇಕಂತೆ. ಸೆಪ್ಟೆಂಬರ್ ಮೊದಲನೇ ಶನಿವಾರ. ಹೊರಗೆ ನೂರಾ ಎರಡು ಡಿಗ್ರಿ ಫ್ಯಾರನ್‌ಹೀಟ್. ಬೇರೆ ಕಡೆ ಈ ಸೀಸನ್‌ನಲ್ಲಿ ಎಲೆ ಉದುರುತ್ತಂತೆ. ಇಲ್ಲಿ ಮನುಷ್ಯರು ಉದುರ್ತಾರೆ.

ನಮ್ಮ ಕಾರಲ್ಲಿ ನಾವು ನಾಲ್ಕು ಜನ. ನಾನು, ನನ್ನ ಗಂಡ ಮುರಳಿ, ಹದಿನಾಲ್ಕರ ಮಗಳು ಅನನ್ಯ, ನಮ್ಮತ್ತೆ. ಅತ್ತೆ ಮೇ ತಿಂಗಳಲ್ಲಿ ಮೈಸೂರಿಂದ ಬಂದೋರು. ಬಂದಾಗಿಂದ ಒಂದೇ ಕಂಪ್ಲೇಂಟು: 'ಈ ದೇಶದಲ್ಲಿ ಹುಳಿಗೆ ಹುಳಿನೇ ಇಲ್ಲ ಕಣೇ ಶೈಲಾ.' ನಿಂಬೆಹಣ್ಣು ಸಪ್ಪೆ. ಮೊಸರು ಸಪ್ಪೆ. ಇಂಡಿಯನ್ ಸ್ಟೋರ್‌ನ ಮಾವಿನಕಾಯಿ ಕೊಯ್ದು ನೋಡಿದ್ರೆ ಒಳಗೆಲ್ಲಾ ಹಳದಿ. ಹೋದ ಸಲ ಬಂದಾಗ ಒಂದು ಜಾಡಿ ಉಪ್ಪಿನಕಾಯಿ ಹಾಕಿಟ್ಟು ಹೋಗಿದ್ರು. ಈ ಸಲ ಹಾಕೋಕೆ ಕಾಯೇ ಸಿಗ್ತಿಲ್ಲ ಅಂತ ನಾಲ್ಕು ತಿಂಗಳಿಂದ ಚಡಪಡಿಸ್ತಿದ್ರು.

'ಸೇಬಿನ ತೋಟ ನೋಡಿ ನಾನೇನ್ ಮಾಡ್ಲಿ? ಶುಗರ್ ಬೇರೆ ಇದೆ' ಅಂದ್ರು. ಅಂದು, ಎಲ್ಲರಿಗಿಂತ ಮೊದಲು ಕಾರಲ್ಲಿ ಕೂತ್ರು. ಹ್ಯಾಂಡ್‌ಬ್ಯಾಗಲ್ಲಿ ಉಪ್ಪು-ಖಾರದ ಡಬ್ಬಿ ಇಟ್ಕೊಂಡೇ.

ತೋಟ ಅಂದ್ರೆ ಏನೋ ಸಿನಿಮಾ ಸೆಟ್ ತರ ಇರುತ್ತೆ ಅಂದ್ಕೊಂಡಿದ್ವಿ. ಹೋಗಿ ನೋಡಿದ್ರೆ ಒಂದು ತಗಡಿನ ಶೆಡ್ಡು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಬೊಗಳೋಕೂ ಸೋಮಾರಿತನ ಪಡೋ ಒಂದು ನಾಯಿ. ಆಚೆಗೆ ಆಳೆತ್ತರದ ಗಿಡಗಳ ಹತ್ತು-ಹನ್ನೆರಡು ಸಾಲು. 'ಇಷ್ಟೇನಾ?' ಅಂತ ಫುಲ್‌ಶೀರ್‌ನವರು ಕೇಳೇಬಿಟ್ರು. ನಾಲ್ಕೂವರೆ ಗಂಟೆ ಡ್ರೈವ್ ಮಾಡಿದೋರಿಗೆ ಅಷ್ಟು ಕೇಳೋ ಹಕ್ಕಿದೆ ಬಿಡಿ.

ಯಜಮಾನಿ ಹೆಸರು ರೂತ್. ಎಪ್ಪತ್ತು ದಾಟಿರಬೇಕು. ಬಿಸಿಲಿಗೆ ಸುಟ್ಟ ಮುಖ, ಹುಲ್ಲಿನ ಹ್ಯಾಟು, ಎಲ್ಲರಿಗೂ 'ಹನೀ'. ನಮ್ಮನ್ನೆಲ್ಲಾ ಶೆಡ್ಡಿನ ನೆರಳಲ್ಲಿ ನಿಲ್ಲಿಸಿ, ಐದು ನಿಮಿಷ ಮಾತಾಡ್ತೀನಿ ಅಂದ್ರು. ಪ್ರೀತಿ ಆಗಲೇ ರೀಲ್‌ಗೆ ಲೈಟ್ ನೋಡ್ತಿದ್ಲು. ಗಂಡಸರು ನಾಯಿ ಜೊತೆ ಸೆಲ್ಫಿ ತೆಗೀತಿದ್ರು. ಹೆಂಗಸರು ಸನ್‌ಸ್ಕ್ರೀನ್ ಹಚ್ಕೋತಿದ್ರು.

ನಾನು ಮಾತ್ರ ಕೇಳಿಸ್ಕೊಂಡೆ. ಇದನ್ನ ನೆನಪಿಟ್ಕೊಳ್ಳಿ. ಪೂರ್ತಿ ಕೇಳಿಸ್ಕೊಂಡೆ.

ರೂತ್ ಹೇಳಿದ್ದಿಷ್ಟು. ಈ ವಸಂತದಲ್ಲಿ ಹೂವು ಬಿಟ್ಟ ಮೇಲೆ ಹಿಮ ಬಿತ್ತಂತೆ, ಮುಂದಿನ ಸಾಲುಗಳಲ್ಲಿ ಹಣ್ಣು ಕಮ್ಮಿ. ಸಿಕ್ಕಷ್ಟು ಕಿತ್ಕೊಳ್ಳಿ. ಹಿಂದಿನ ಎರಡು ಸಾಲು ತಡವಾಗಿ ಹೂ ಬಿಡೋ ಜಾತಿ, ಅದಷ್ಟೇ ಬಚಾವಾಗಿದ್ದು. ಅದು ಅಕ್ಟೋಬರ್‌ಗೆ ಹಣ್ಣಾಗೋದು, ಅದಕ್ಕೇ ಹಗ್ಗ ಕಟ್ಟಿದೀನಿ, ಅಲ್ಲಿ ದಯವಿಟ್ಟು ಹೋಗ್ಬೇಡಿ. 'ನನ್ನ ಮಗಳು ಡಲ್ಲಾಸ್‌ನಲ್ಲಿ ಕೆಲಸ ಮಾಡ್ತಾಳೆ. ಪ್ರತಿ ಶುಕ್ರವಾರ ರಾತ್ರಿ ಡ್ರೈವ್ ಮಾಡ್ಕೊಂಡು ಬಂದು ನನಗೆ ಹೆಲ್ಪ್ ಮಾಡ್ತಾಳೆ. ಸುಸ್ತಾಗಿದಾಳೆ, ಪಾಪ. ಗೇಟ್ ಮುಚ್ಚೋಣ ಅಮ್ಮಾ ಅಂತಾಳೆ. ನಾನೂ ಅವಳೂ ಒಂದು ಒಪ್ಪಂದ ಮಾಡ್ಕೊಂಡಿದೀವಿ. ಅಕ್ಟೋಬರ್‌ನಲ್ಲಿ ಆ ಎರಡು ಸಾಲಿಗೆ ಜನ ಬಂದ್ರೆ ಇನ್ನೊಂದು ವರ್ಷ ನಡೆಸೋದು. ಇಲ್ಲದಿದ್ರೆ ನಿಲ್ಲಿಸೋದು.' ಅಂದು ನಕ್ಕರು. 'ಹಾಗಾಗಿ ಅಕ್ಟೋಬರ್‌ನಲ್ಲೂ ಬನ್ನಿ.'

ಆಮೇಲೆ ಕೀಳೋದು ಹೇಗೆ ಅಂತ ತೋರಿಸಿದ್ರು. ಎಳೀಬಾರ್ದು. ಅಂಗೈಲಿ ಹಿಡ್ಕೊಂಡು ಮೆಲ್ಲಗೆ ಮೇಲಕ್ಕೆ ತಿರುವಬೇಕು. ಹಣ್ಣಾಗಿದ್ರೆ ತಾನೇ ಕೈಗೆ ಬರುತ್ತೆ. ಬರಲಿಲ್ಲ ಅಂದ್ರೆ ಅದಿನ್ನೂ ರೆಡಿ ಇಲ್ಲ, ಬಿಟ್ಟುಬಿಡಿ.

ಎಲ್ಲರೂ 'ಓಕೆ ಓಕೆ' ಅಂತ ತಲೆ ಆಡಿಸಿ ಚೀಲ ಹಿಡ್ಕೊಂಡು ನುಗ್ಗಿದ್ವಿ. ಚೀಲಕ್ಕೆ ಇಷ್ಟು ಅಂತ ರೇಟು. ಅಂದ್ಮೇಲೆ ನಮ್ಮವರು ಚೀಲ ತುಂಬೋ ಕಲೆ ನೋಡ್ಬೇಕಿತ್ತು. ದೊಡ್ಡದು ಕೆಳಗೆ, ಚಿಕ್ಕದು ಸಂದಿಗೆ. ಇಂಡಿಯಾ ಟ್ರಿಪ್ಪಿಗೆ ಸೂಟ್‌ಕೇಸ್ ತುಂಬಿ ತುಂಬಿ ಬಂದಿರೋ ಪಾಂಡಿತ್ಯ ಅದು. ನಡುನಡುವೆ ಒಂದು ಕಚ್ಚೋದು, 'ಅಷ್ಟೊಂದಿಲ್ಲ' ಅನ್ನೋದು, ಎಸೆಯೋದು. ಅರ್ಧ ಗಂಟೇಲಿ ಮುಂದಿನ ಸಾಲು ಬೋಳು.

ಅಷ್ಟೊತ್ತಿಗೆ ಅತ್ತೆ ಎಲ್ಲೂ ಕಾಣಲಿಲ್ಲ.

ಹುಡುಕ್ಕೊಂಡು ಹೋದ್ರೆ ಹಿಂದಿನ ಸಾಲಿನ ಪಕ್ಕ ನಿಂತಿದಾರೆ. ಹಗ್ಗದ ಈಚೆಗೇ. ಹಗ್ಗದಿಂದ ಹೊರಗೆ ಚಾಚಿದ್ದ ಒಂದು ಕೊಂಬೆಯ ಕಾಯಿ ಕಿತ್ತು, ಕಚ್ಚಿ, ಕಣ್ಣು ಮುಚ್ಚಿ ನಿಂತಿದಾರೆ. ಹಸಿರು ಕಾಯಿ, ಕಲ್ಲಿನ ತರ ಗಟ್ಟಿ.

'ಶೈಲಾ, ಬಾರೇ ಇಲ್ಲಿ. ತಗೋ, ಕಚ್ಚು.'

ಡಬ್ಬಿಯಿಂದ ಉಪ್ಪು-ಖಾರ ಹಚ್ಚಿ ಕೊಟ್ರು. ಕಚ್ಚಿದೆ. ಹಲ್ಲು ಚುಳ್ ಅಂತು. ಅಯ್ಯೋ ಏನ್ ಹೇಳ್ಲಿ! ಸ್ಕೂಲ್ ಗೇಟಿನ ಮುಂದೆ ಗಾಡೀಲಿ ಮಾರ್ತಿದ್ದ ಮಾವಿನಕಾಯಿನೇ. ಹತ್ತೊಂಬತ್ತು ವರ್ಷದಲ್ಲಿ ಈ ದೇಶದಲ್ಲಿ ನನ್ನ ಬಾಯಲ್ಲಿ ಅಷ್ಟು ನೀರು ಬಂದಿರಲಿಲ್ಲ.

'ಇದ್ರಲ್ಲಿ ಉಪ್ಪಿನಕಾಯಿ ಹಾಕಿದ್ರೆ ವರ್ಷ ಇರುತ್ತೆ ಕಣೇ' ಅಂದ್ರು ಅತ್ತೆ. ನಾಲ್ಕು ತಿಂಗಳಲ್ಲಿ ಮೊದಲನೇ ಸಲ ಮುಖ ಅರಳಿತ್ತು. 'ಆದ್ರೆ ಹಗ್ಗ ಕಟ್ಟಿದಾರಲ್ಲ?'

ಅತ್ತೆಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಹಗ್ಗ ಯಾಕೆ ಅಂತ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ನಾನೇನಂದೆ ಗೊತ್ತಾ? 'ಎರಡೇ ಎರಡು ಗಿಡದ್ದು ಕಿತ್ಕೊಳ್ಳೋಣ ಅತ್ತೆ. ದುಡ್ಡು ಕೊಡ್ತೀವಲ್ಲ.'

'ಅಮ್ಮಾ, ದೇರ್ ಈಸ್ ಎ ರೋಪ್' ಅಂದ್ಲು ಅನನ್ಯ.

'ನೀನು ಸುಮ್ನಿರು' ಅಂದೆ. ಹಗ್ಗ ಎತ್ತಿ ಬಗ್ಗಿದೆ.

ನೋಡಿ, ನಮ್ಮವರ ಕಣ್ಣಿಗೆ ಹಗ್ಗ ಅಂದ್ರೇನು? ಅದರಾಚೆ ಏನೋ ಒಳ್ಳೇದಿದೆ ಅಂತ ಅರ್ಥ. ದೇವಸ್ಥಾನದಲ್ಲಿ ಹಗ್ಗದಾಚೆ ಸ್ಪೆಷಲ್ ದರ್ಶನ. ಮದುವೆ ಮನೇಲಿ ಹಗ್ಗದಾಚೆ ವಿಐಪಿ ಊಟ. ಒಬ್ಬರು ದಾಟಿದ್ರು ಅಂದ್ರೆ ಅದು ಲೈನು. ನಾನು ಎಂಟನೇ ಕಾಯಿ ಕೀಳೋ ಹೊತ್ತಿಗೆ ಪ್ರೀತಿ ಫೋನ್ ಹಿಡ್ಕೊಂಡು ಬಂದ್ಲು. 'ಶೈಲಕ್ಕ! ಇಲ್ಲಿ ಓಪನ್ ಮಾಡಿದಾರಾ? ಹೇಳ್ಬಾರ್ದಾ?' ಅಷ್ಟೇ. ಐದು ನಿಮಿಷದಲ್ಲಿ ಒಂಬತ್ತೂ ಫ್ಯಾಮಿಲಿ ಹಗ್ಗದ ಒಳಗೆ. ಒಬ್ರು ಗೊಜ್ಜಿಗೆ ಅಂದ್ರು. ಒಬ್ರು ಚಿತ್ರಾನ್ನಕ್ಕೆ ಅಂದ್ರು. ಗಂಡಸರು ಯಾತಕ್ಕೆ ಅಂತ ಗೊತ್ತಿಲ್ಲದೇ ಕಿತ್ರು.

ಕಾಯಿ ಸುಲಭಕ್ಕೆ ಬರ್ತಿರಲಿಲ್ಲ. ತಿರುವಿದ್ರೂ ಬಿಡ್ತಿರಲಿಲ್ಲ. ಬರಲಿಲ್ಲ ಅಂದ್ರೆ ಏನ್ ಮಾಡ್ಬೇಕು ಅಂತ ರೂತ್ ಹೇಳಿದ್ರಲ್ಲ? ನಾವು ಮಾಡಿದ್ದು ಬೇರೆ. ಒಂದು ಕೈಲಿ ಕೊಂಬೆ ಹಿಡ್ಕೊಂಡು ಇನ್ನೊಂದು ಕೈಲಿ ಜಗ್ಗಿದ್ವಿ. ಎಲೆ ಸಮೇತ, ಕಡ್ಡಿ ಸಮೇತ ಬಂತು. ಚಟ್ ಚಟ್ ಅಂತ ಸದ್ದು.

ಒಂದು ಸಾಲು ಪೂರ್ತಿ ಖಾಲಿ. ಇನ್ನೊಂದು ಅರ್ಧ.

ಶೆಡ್ಡಿಗೆ ವಾಪಸ್ ಬಂದು ಚೀಲಗಳನ್ನೆಲ್ಲಾ ಟೇಬಲ್ ಮೇಲಿಟ್ವಿ. ರೂತ್ ನಗ್ತಾನೇ ಬಂದ್ರು. ಮೊದಲನೇ ಚೀಲ ನೋಡಿದ್ರು. ಎರಡನೇದು ನೋಡಿದ್ರು. ನಗು ಹಾಗೇ ಇತ್ತು, ಆದ್ರೆ ಅದನ್ನ ಎತ್ತಿ ಹಿಡ್ಕೊಂಡಿರೋದು ಗೊತ್ತಾಗ್ತಿತ್ತು. ಹ್ಯಾಟ್ ತೆಗೆದು ಟೇಬಲ್ ಮೇಲಿಟ್ರು.

'ಹಗ್ಗ ಬಿದ್ದುಹೋಗಿತ್ತಾ?' ಅಂತ ಕೇಳಿದ್ರು.

ಪ್ರೀತಿ ತನ್ನ ಟೀಮ್ ಮೀಟಿಂಗ್ ಇಂಗ್ಲಿಷಲ್ಲಿ, ನಮ್ಮ ಕಲ್ಚರ್‌ನಲ್ಲಿ ಹುಳಿ ಕಾಯಿಗೆ ತುಂಬಾ ಮಹತ್ವ ಇದೆ ಅಂತ ವಿವರಿಸಿದ್ಲು. ಕಲ್ಚರಂತೆ! ಸಿಕ್ಕಿಬಿದ್ದಾಗ ಮಾತ್ರ ಎಷ್ಟು ಬೇಗ ನೆನಪಾಗುತ್ತೆ ನೋಡಿ. ಮುರಳಿ ಪರ್ಸ್ ತೆಗೆದು, ಇವಕ್ಕೆ ಡಬಲ್ ಕೊಡ್ತೀವಿ ಮ್ಯಾಮ್ ಅಂದ.

ರೂತ್ ಬೇಡ ಅಂದ್ರು. ನನ್ನ ಚೀಲಕ್ಕೆ ಕೈ ಹಾಕಿ ಒಂದು ಕಾಯಿ ಎತ್ಕೊಂಡ್ರು. ತೊಟ್ಟಿನ ಜೊತೆ ಬೆರಳಿನ ಗಿಣ್ಣಿನಷ್ಟು ದಪ್ಪದ ಒಂದು ಮೋಟು ಕಡ್ಡಿ ಕಿತ್ಕೊಂಡು ಬಂದಿತ್ತು. ಅದನ್ನ ಉಗುರಲ್ಲಿ ತೋರಿಸಿದ್ರು.

'ಇದಿದೆಯಲ್ಲ ಹನೀ, ಹೂವು ಬಿಟ್ಟು ಕಾಯಿ ಕಚ್ಚೋದು ಇಲ್ಲೇ. ಇದು ಮುಂದಿನ ವರ್ಷದ್ದು.'

ಬೈದಿದ್ರೆ ವಾಸಿಯಿತ್ತು. ನಮ್ಮೂರಲ್ಲಾಗಿದ್ರೆ ತೋಟದವರು ಅಷ್ಟೊತ್ತಿಗೆ ನಮ್ಮ ಏಳು ತಲೆಮಾರು ಜಾಲಾಡಿರೋರು. ನಾವೂ ಎರಡು ಮಾತಾಡಿ, ಲೆಕ್ಕ ಚುಕ್ತಾ ಆಗಿರೋದು. ಈಯಮ್ಮ ಬೈಯಲಿಲ್ಲ. ಮಾಮೂಲಿ ರೇಟೇ ತಗೊಂಡ್ರು. ಮಕ್ಕಳಿಗೆಲ್ಲಾ ಒಂದೊಂದು ಪೇಪರ್ ಕಪ್ ಸೇಬಿನ ಜ್ಯೂಸ್ ಕೊಟ್ರು. 'ಡ್ರೈವ್ ಸೇಫ್' ಅಂದ್ರು. 'ಅಕ್ಟೋಬರ್‌ನಲ್ಲಿ ಬನ್ನಿ' ಅನ್ನೋದನ್ನ ಮಾತ್ರ ಈ ಸಲ ಅನ್ನಲಿಲ್ಲ.

ಅತ್ತೆಗೆ ಏನೋ ವಾಸನೆ ಬಡೀತು. ಕಾರು ಹೈವೇಗೆ ಬಂದ ಮೇಲೆ ಕೇಳಿದ್ರು. 'ಆಯಮ್ಮ ಏನಂದ್ರು ಮುರಳೀ?'

'ಏನಿಲ್ಲಮ್ಮ. ಥ್ಯಾಂಕ್ಸ್ ಅಂದ್ರು.'

'ಅಜ್ಜಿ, ಶೀ ವಾಸ್ ಸ್ಯಾಡ್' ಅಂತು ಹಿಂದಿನ ಸೀಟು.

ಅತ್ತೆ ಅರ್ಥ ಮಾಡ್ಕೊಂಡ್ರೋ ಇಲ್ವೋ. ಮನೆವರೆಗೂ ಚೀಲ ಮಡಿಲಲ್ಲಿಟ್ಕೊಂಡು ಕಿಟಕಿ ಆಚೆ ನೋಡ್ತಾ ಕೂತ್ರು. ಮಾರನೇ ದಿನ ಉಪ್ಪಿನಕಾಯಿ ಹಾಕಿದ್ರು. ಅದರ ಗತಿ ಆಗಲೇ ಹೇಳಿದೀನಿ. ಸೇಬು ಮಾವಿನಕಾಯಿ ಅಲ್ಲವಲ್ಲ. ಅಲ್ಲ ಅನ್ನೋದು ನಮಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು ಅನ್ಸುತ್ತೆ.

ವಾಟ್ಸಾಪಲ್ಲಿ ಮಾತ್ರ ಎರಡು ದಿನ ಹಬ್ಬ. ಪ್ರೀತಿಯ ರೀಲ್‌ಗೆ ಲೈಕೋ ಲೈಕು. 'ಹೌ ಸ್ವೀಟ್ ದಟ್ ಲೇಡಿ!' 'ಎಷ್ಟು ಡಿಗ್ನಿಫೈಡ್ ಜನ, ನಮ್ಮವರೂ ಇದ್ದಾರೆ...' ಹಣ್ಣು ಕಳ್ಕೊಂಡೋರು ನಗ್ತಾ ಬೀಳ್ಕೊಟ್ರೆ ಅದು ಅವರ ಒಳ್ಳೇತನ ಅಂತ ನಾವೇ ಸರ್ಟಿಫಿಕೇಟ್ ಕೊಟ್ವಿ. ಕೊಟ್ಟು, ಫೈಲ್ ಕ್ಲೋಸ್ ಮಾಡಿದ್ವಿ.

ಹೋದ ವಾರ ಪ್ರೀತಿ ಅದೇ ಗ್ರೂಪಲ್ಲಿ ಆ ತೋಟದ ಪೇಜಿನ ಒಂದು ಪೋಸ್ಟ್ ಹಾಕಿದ್ಲು. ಮೂರೇ ಸಾಲು. ಈ ಅಕ್ಟೋಬರ್‌ನಲ್ಲಿ ಪಿಕಿಂಗ್ ಇರೋದಿಲ್ಲ. ಮುಂದಿನ ವರ್ಷದಿಂದ ಗೇಟ್ ತೆರೆಯೋದಿಲ್ಲ. ಇಷ್ಟು ವರ್ಷ ಬಂದ ಎಲ್ಲರಿಗೂ ಥ್ಯಾಂಕ್ಸ್. ಯಾರ ಹೆಸರೂ ಇಲ್ಲ, ಯಾರ ಮೇಲೂ ದೂರಿಲ್ಲ.

ಗ್ರೂಪ್ ತುಂಬಾ ಅಳೋ ಎಮೋಜಿ. 'ಸೋ ಸ್ಯಾಡ್ ಯಾ.' 'ಯಾರೋ ಮಿಸ್‌ಯೂಸ್ ಮಾಡಿರ್ಬೇಕು.' 'ಹ್ಯೂಸ್ಟನ್ ಕಡೆಯಿಂದೆಲ್ಲಾ ದೊಡ್ಡ ದೊಡ್ಡ ಗ್ರೂಪ್ ಹೋಗ್ತಾರಲ್ಲ, ಅವ್ರೇ ಇರ್ತಾರೆ.' ಇದಕ್ಕೆ ಹನ್ನೊಂದು ಥಂಬ್ಸ್ ಅಪ್. ನಾನು 'ನಾವೇ' ಅಂತ ಟೈಪ್ ಮಾಡಿದೆ. ಒಂದು ನಿಮಿಷ ನೋಡಿದೆ. ಅಳಿಸಿದೆ.

ಮುರಳಿಗೆ ಹೇಳ್ದೆ, ರೂತ್‌ಗೆ 'ಸಾರಿ, ತಪ್ಪಾಯ್ತು' ಅಂತ ಬರೆಯೋಣ್ವಾ? 'ಬರೆದು? ಗೇಟ್ ತೆಗೀತಾರಾ?' ಅಂದ. ಸರಿ ಅನ್ನಿಸ್ತು. ಎಷ್ಟು ಸುಲಭವಾಗಿ ಸರಿ ಅನ್ನಿಸ್ತು ಅಂತೀರ! ಆ ಪೇಜಲ್ಲಿ ಮೆಸೇಜ್ ಅನ್ನೋ ಬಟನ್ ಇದೆ. ಎರಡು ಸಲ ಒತ್ತಿದೀನಿ. ಎರಡು ಸಲವೂ ಖಾಲಿ ಬಾಕ್ಸ್ ನೋಡಿ ಮುಚ್ಚಿದೀನಿ.

ಅದಕ್ಕೇ ನಿಮ್ಮ ಹತ್ರ ಇಷ್ಟುದ್ದ ಹೇಳ್ಕೊಂಡೆ, ಒಂದನ್ನೂ ಮುಚ್ಚಿಡದೆ, ಇಷ್ಟು ಧೈರ್ಯವಾಗಿ. ಯಾಕಂದ್ರೆ ರೂತ್‌ಗೆ ಕನ್ನಡ ಓದೋಕೆ ಬರಲ್ಲ.