ಅಕ್ಕನ ಬೆಳಗಿನ ಬಾಟಲಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬಂದಷ್ಟೇ ಬೇಗ ಇಳಿದೂ ಹೋಗುತ್ತದೆ. ಇದೊಂದು ಮಾತ್ರ ಇಳಿದಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಅಕ್ಕಲಕೋಟದಿಂದ ಮೊದಲ ಎಸ್‌ಟಿ ಬಸ್ಸು ಹಿಡಿದು ನಾನು ಸೊಲ್ಲಾಪುರದ ಒಂದು ಲ್ಯಾಬಿಗೆ ರಕ್ತ, ಮೂತ್ರ ಪರೀಕ್ಷಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಚಪಳಗಾಂವಕ್ಕೆ ಕೊಟ್ಟಿದ್ದ ಅಕ್ಕ ತವರಿಗೆ ಬಂದಿದ್ದಳು. ಮುಖ ಬಿಳಚಿತ್ತು, ನಾಲ್ಕು ಮೆಟ್ಟಿಲು ಹತ್ತಿದರೆ ತೇಕುತ್ತಿದ್ದಳು. ಒಂದು ಸಂಜೆ ಮಾಳಿಗೆ ಮೇಲೆ ನನಗಷ್ಟೇ ಹೇಳಿದಳು.

"ಮುಂಜಾನಿ ಮೂತ್ರ ಹಾಲಿಲ್ಲದ ಚಾದಂಗ ಕರ್ರಗ ಹೋಗತೈತಿ. ಮಧ್ಯಾಹ್ನಕ್ಕ ತಿಳಿ ಆಗತೈತಿ. ನನಗ ಅಂಜಿಕಿ ಬರಾಕತ್ತೈತವಾ."

ಎದ್ದ ಕೂಡಲೇ ಹಿಡಿದದ್ದೇ ಬೇಕು ಎಂದು ಹೇಳಿ ಅವಳ ಕೈಗೊಂದು ಬಾಟಲಿ ಕೊಟ್ಟೆ. ಮರುದಿನ ನಾನು ಜಡೆ ಹಾಕಿಕೊಳ್ಳುತ್ತಿದ್ದಾಗ ಅವ್ವನೇ ಅದನ್ನು ಹಳೇ ಪೇಪರಿನಲ್ಲಿ ಸುತ್ತಿ ತಂದು, "ನಿಮ್ಮಕ್ಕಂದು" ಎಂದು ನನ್ನ ಚೀಲದಲ್ಲಿಟ್ಟಳು. ಲ್ಯಾಬಿನಲ್ಲಿ ಬಿಚ್ಚಿದರೆ ತಿಳಿಯಾಗಿತ್ತು, ರಕ್ತದ ಸುಳಿವೇ ಇರಲಿಲ್ಲ. ಹೀಗೆ ಮೂರು ದಿನ, ಮೂರು ಬಾಟಲಿ.

"ಕಾಯ್ ನಾಹಿ, ಎಲ್ಲಾ ನಾರ್ಮಲ್ ಅದ. ನಿಮ್ಮಕ್ಕಗ ಅತ್ತಿ ಮನಿ ಬ್ಯಾಸರ ಆಗಿರಬೇಕು," ಎಂದು ನಮ್ಮ ಡಾಕ್ಟರು ನಕ್ಕು, ಕಬ್ಬಿಣದ ಮಾತ್ರೆ ಬರೆದುಕೊಟ್ಟರು.

ನನಗೆ ತಲೆ ಎತ್ತಲಾಗದಂತಾಯಿತು. ಮನೆಗೆ ಬಂದವಳೇ ಅಕ್ಕನ ಮೇಲೆ ಹರಿಹಾಯ್ದೆ. "ನಾಟಕ ಸಾಕು ಮಾಡು" ಎಂದುಬಿಟ್ಟೆ. ಅವಳ ಗಂಡ ಬಂದಾಗ ರಿಪೋರ್ಟನ್ನು ಕೈಗೆ ಕೊಟ್ಟು, "ಮಾಮಾ, ಅಕ್ಕಗ ಏನೂ ಆಗಿಲ್ರಿ, ಕರ್ಕೊಂಡು ಹೋಗ್ರಿ" ಎಂದವಳೂ ನಾನೇ. ಅಕ್ಕ ನನ್ನ ಮುಖ ನೋಡಿದಳು. ಗಂಟು ಕಟ್ಟಿಕೊಂಡು ಹೊರಟಳು.

ಜೋಳದ ರಾಶಿಯ ಹೊತ್ತಿಗೆ ಹೊಲದಲ್ಲೇ ಬಿದ್ದಳು. ಸೊಲ್ಲಾಪುರದ ದವಾಖಾನೆಗೆ ತಂದು ಸೇರಿಸಿದರು. ಮರುದಿನ ಬೆಳಿಗ್ಗೆ ನಾನೇ ಅವಳ ಕೈಯಿಂದ ಬಾಟಲಿ ಇಸಿದುಕೊಂಡೆ. ಅವಳು ಹೇಳಿದ್ದ ಅದೇ ಬಣ್ಣ.

ವರಾಂಡದಲ್ಲಿ ಅವ್ವನನ್ನು ಹಿಡಿದು ಕೇಳಿದೆ. ಅವಳು ತಡವರಿಸಲೂ ಇಲ್ಲ.

"ಬಾಟಲ್ಯಾಗಿನ ಬಣ್ಣ ನೋಡಿ ಅಂಜಿ, ಅಕೀದು ಚೆಲ್ಲಿ ನಂದು ತುಂಬಿದ್ದೆ. ಮೈಂದರ್ಗಿಯವರು ನಿನ್ನ ನೋಡಿ ಹೋಗಿದ್ರು. ಮನಿತನದಾಗ ಬ್ಯಾನಿ ಐತಿ ಅಂದ್ರ ನಿನ್ನ ಲಗ್ನ ಜಮತಿತ್ತೇನು? ನಿನ್ನ ಸಲುವಾಗಿ ಮಾಡೀನಿ."

"ಅಕ್ಕಗ ಗೊತ್ತಿತ್ತೇನು?"

"ಆಣಿ ಹಾಕಿಸಿದ್ದೆ. ಅಕೀನೂ ಹೂಂ ಅಂದ್ಲು."

ಅವ್ವ, ಅಕ್ಕ ಇಬ್ಬರೂ ಸೇರಿ ನನಗೆ ಮೋಸ ಮಾಡಿದ್ದರು. ಅವ್ವ ನನ್ನ ಕೈಯಿಂದಲೇ ಅಕ್ಕನನ್ನು ಹೊಲಕ್ಕೆ ದಬ್ಬಿಸಿದ್ದಳು. ಅಲ್ಲೇ ಗೋಡೆಗೆ ಒರಗಿ ಅತ್ತೆ. ಅವ್ವ ಸೆರಗಿನಿಂದ ಕಣ್ಣೊರೆಸಲು ಬಂದಾಗ ಕೈ ಕೊಡವಿದೆ.

ದವಾಖಾನೆಯ ಹಿರಿಯ ಡಾಕ್ಟರು ನನ್ನನ್ನು ಕೂರಿಸಿಕೊಂಡು ಚೀಟಿಯ ಹಿಂದೆ ಚಿತ್ರ ಬರೆದರು. ರಕ್ತದ ತಿಳಿನೀರಿನಲ್ಲಿ, ಎಂದರೆ ಸೀರಂನಲ್ಲಿ, ಕಾವಲಿನ ಪ್ರೋಟೀನುಗಳಿರುತ್ತವೆ. ಹೊರಗಿನ ರೋಗಾಣು ಸಿಕ್ಕರೆ ಅವು ಒಂದಕ್ಕೊಂದು ಕೂಡಿ ಉಂಗುರವಾಗಿ ಅದರ ಮೈಗೆ ತೂತು ಕೊರೆಯುತ್ತವೆ. ನಮ್ಮ ಜೀವಕೋಶಗಳಿಗೂ ತೂತು ಬೀಳದಂತೆ ಅವುಗಳ ಮೇಲೆ ಒಂದು ಪುಟ್ಟ ಪ್ರೋಟೀನು ನಿಂತಿರುತ್ತದೆ. ಹೆಸರು ಸಿಡಿ ಐವತ್ತೊಂಬತ್ತು. ಎಪ್ಪತ್ತೇಳು ಅಮೈನೋ ಆಮ್ಲಗಳ ಸರ, ಗಂಧಕದ ಬೆಸುಗೆಗಳಿಂದ ಮಡಚಿಕೊಂಡ ಚಪ್ಪಟೆ ಮೈ, ಬೆರಳುಗಳಂತೆ ಚಾಚಿದ ಮಡಿಕೆಗಳು. ಉಂಗುರ ಕಟ್ಟಲು ಬಂದ ಕೊನೆಯ ತುಂಡುಗಳನ್ನು ಅದು ತಡೆಯುತ್ತದೆ. ಸಕ್ಕರೆ ಮತ್ತು ಕೊಬ್ಬಿನ ಒಂದು ಕೊಕ್ಕೆಯಿಂದ ಕೋಶಕ್ಕೆ ಅಂಟಿಕೊಂಡಿರುತ್ತದೆ. ಅಕ್ಕನ ಕೆಂಪು ಕಣಗಳಲ್ಲಿ ಆ ಕೊಕ್ಕೆಯೇ ತಯಾರಾಗುತ್ತಿರಲಿಲ್ಲವಂತೆ. ಅವಳ ಕಾವಲೇ ಅವಳನ್ನು ಒಡೆಯುತ್ತಿತ್ತು.

"ಮನಿತನದಾಗ ಬರೋದೇನ್ರಿ?" ಎಂದು ಕೇಳಿದೆ.

"ಇಲ್ಲವಾ. ಹುಟ್ಟಿದ ಮ್ಯಾಲೆ ಎಲುಬಿನ ಮಜ್ಜಿಯೊಳಗಿನ ಒಂದು ಕೋಶ ಕೆಟ್ಟು ಬರೋದಿದು. ನಿಮಗಾಗಲಿ, ನಿಮ್ಮ ಮಕ್ಕಳಿಗಾಗಲಿ ಏನೂ ಸಂಬಂಧ ಇಲ್ಲ."

ಅವ್ವ ಮುಚ್ಚಿಟ್ಟದ್ದರಲ್ಲಿ ನನಗೆ ಕುತ್ತಾಗುವಂಥದ್ದು ಏನೂ ಇರಲಿಲ್ಲ.

ರೋಗ ಖಚಿತವಾಗಲು ಒಂದು ಪರೀಕ್ಷೆ ಬಾಕಿ ಇತ್ತು. ಆರೋಗ್ಯವಂತರ ತಾಜಾ ಸೀರಂಗೆ ಚೂರು ಆಮ್ಲ ಬೆರೆಸಿ, ರೋಗಿಯ ಕೆಂಪು ಕಣ ಹಾಕಿ, ಮೈಯಷ್ಟೇ ಬೆಚ್ಚಗೆ ಒಂದು ತಾಸು ಇಡಬೇಕು. ಇಬ್ಬರದೂ ಒಂದೇ ಗುಂಪಿನ ರಕ್ತವಾದ್ದರಿಂದ ನಾನೇ ತೋಳು ಚಾಚಿದೆ. ಡಾಕ್ಟರು ಒಪ್ಪಿದ್ದರಿಂದ ದವಾಖಾನೆಯ ಲ್ಯಾಬಿನಲ್ಲಿ ನಾನೇ ಎರಡು ನಳಿಗೆಗಳಿಗೂ ನನ್ನ ಸೀರಂ ಹಾಕಿ, ಒಂದಕ್ಕೆ ನನ್ನ ಕಣ, ಇನ್ನೊಂದಕ್ಕೆ ಅಕ್ಕನ ಕಣ ಸೇರಿಸಿದೆ. ತಾಸಿನ ನಂತರ ನನ್ನ ಕಣಗಳು ತಳದಲ್ಲಿ ಸುಮ್ಮನೆ ಕೂತಿದ್ದವು, ಮೇಲಿನ ನೀರು ತಿಳಿ. ಅಕ್ಕನ ನಳಿಗೆಯ ನೀರು ಕೆಂಪಗಾಗಿತ್ತು.

ನಳಿಗೆ ಹಿಡಿದುಕೊಂಡೇ ವಾರ್ಡಿಗೆ ಹೋದೆ. ಜಗಳವಾಡಬೇಕೆಂದೇ ಹೋಗಿದ್ದೆ. ಅಕ್ಕ ದಿಂಬಿಗೆ ಒರಗಿ ಅದನ್ನೇ ನೋಡಿದಳು. ಪರೀಕ್ಷೆ ಹೇಗೆ ಮಾಡುತ್ತಾರೆಂದು ಡಾಕ್ಟರು ಅವಳಿಗೂ ಹೇಳಿದ್ದರು.

"ನನ್ನ ರಕ್ತ ಒಡದದ್ದು ಯಾರ ರಕ್ತದ ನೀರವಾ?"

"ಲ್ಯಾಬದ್ದು ಅಕ್ಕಾ," ಎಂದೆ.